ನೆಲಕ್ಕೆ ಬೀಳದ ಚೀಟಿಗಳು

ಅಕ್ಕ ಫೋನ್ ಮಾಡಿದಾಗ ನಾನು ಮೆಟ್ರೋದಲ್ಲಿದ್ದೆ. "ಅಪ್ಪನ ಪೆನ್ಷನ್ ಅಕೌಂಟಿಂದ ದುಡ್ಡು ಹೋಗ್ತಾ ಇದೆ ಕಣೋ. ಎಂಬತ್ತೊಂಬತ್ತು ರೂಪಾಯಿ, ಮತ್ತೆ ಎಂಬತ್ತೊಂಬತ್ತು ರೂಪಾಯಿ. ಯಾರೋ ಹ್ಯಾಕ್ ಮಾಡಿದಾರೆ" ಅಂದಳು. ಪೆನ್ಷನ್ ಅಕೌಂಟಿಗೆ ಕೈ ಹಾಕಿದ ಕಳ್ಳ ಎಂಬತ್ತೊಂಬತ್ತು ರೂಪಾಯಿಗೆ ತೃಪ್ತನಾಗಲ್ಲ ಅನ್ನೋದು ಯಾರಿಗಾದರೂ ಹೊಳೆಯುವ ಮಾತು. ನನಗೆ ಇನ್ನೂ ಒಂದು ಹೊಳೆಯಿತು, ಅದನ್ನು ಅಕ್ಕನಿಗೆ ಹೇಳಲಿಲ್ಲ. ಆ ಎಂಬತ್ತೊಂಬತ್ತು ನನಗೆ ಚೆನ್ನಾಗಿ ಪರಿಚಯವಿದ್ದ ಸಂಖ್ಯೆ. ನನ್ನ ಫೋನಿನಲ್ಲಿದ್ದ ಒಂದು ಆಟದಲ್ಲಿ ನೂರು ಹರಳಿನ, ಅಂದರೆ ಆಟದೊಳಗೆ ಮಾತ್ರ ನಡೆಯುವ ನಾಣ್ಯದ, ಬೆಲೆ ಅದು.

ಶನಿವಾರ ತುಮಕೂರಿಗೆ ಹೋದೆ. ಅಪ್ಪನ ಫೋನಿನಲ್ಲಿ ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ನೋಡುತ್ತಾ, ಹಾಲಿನ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಗೀಟು ಹಾಕಿಕೊಂಡು ಎಣಿಸಿದೆವು. ಏಳು ವಾರದಲ್ಲಿ 36 ಸಲ ₹89, 8 ಸಲ ₹449. ಒಟ್ಟು ₹6,796. ಅಷ್ಟು ಹೊತ್ತೂ ಅಕ್ಕನ ಮಗ ಪುಟ್ಟ ದಿವಾನದ ಮೂಲೆಯಲ್ಲಿ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದ. ಏಳನೇ ಕ್ಲಾಸು. "ತಾತನ ಪಿನ್ ನಿಂಗೆ ಹೆಂಗೋ ಗೊತ್ತಾಯ್ತು?" ಅಂತ ಅಕ್ಕ ಕಿರುಚಿದಳು. ಪೆದ್ದು ಪ್ರಶ್ನೆ. ಆ ಮನೆಯ ಕರೆಂಟ್ ಬಿಲ್ಲು, ಡಿಶ್ ರೀಚಾರ್ಜು, ತರಕಾರಿಯವನ ದುಡ್ಡು, ಎಲ್ಲವನ್ನೂ ಎರಡು ವರ್ಷದಿಂದ ಕಟ್ಟುತ್ತಿದ್ದವನೇ ಅವನು. ಅಪ್ಪನಿಗೆ ಕಣ್ಣು ಮಂಜು, ಪಿನ್ ಒತ್ತುವ ಕೆಲಸ ಮೊಮ್ಮಗನದು. ಬಂದ ನೆಂಟರಿಗೆಲ್ಲ "ನಮ್ಮ ಕ್ಯಾಷಿಯರ್" ಅಂತ ತೋರಿಸುತ್ತಿದ್ದರು.

"ಎಲ್ಲಾ ಏನಕ್ಕೆ ಹಾಕಿದೆ?" ಅಂದೆ, ಗೊತ್ತಿದ್ದೂ.

"ಕ್ರೇಟ್ ಓಪನಿಂಗ್‌ಗೆ." ಅಂದರೆ ಹರಳು ಕೊಟ್ಟು, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ತೆರೆಯುವುದಕ್ಕೆ.

ಅಪ್ಪ ಬಯ್ಯಲಿಲ್ಲ. ಕನ್ನಡಕ ಹಾಕಿಕೊಂಡು "ಎಲ್ಲಿ, ಏನು ಬಂತು ತೋರ್ಸು" ಅಂದರು. ಮೂವತ್ತನಾಲ್ಕು ವರ್ಷ ಮಕ್ಕಳ ಕಾಪಿ ಬುಕ್ಕು ನೋಡಿದವರು, ಮೊದಲು ಕೆಲಸ ನೋಡಬೇಕು, ಆಮೇಲೆ ಮಾತು. ಹುಡುಗ ಹೆದರುತ್ತಲೇ ಫೋನಿನಲ್ಲಿ ಒಂದು ಬಂದೂಕು ತೋರಿಸಿದ. ನೀಲಿ, ಅದರ ಮೇಲೆ ಬೆಂಕಿಯ ನಾಲಗೆಗಳು, ತಿರುಗಿಸಿದರೆ ಮಿನುಗುತ್ತದೆ. ಅಪ್ಪ ಬಹಳ ಹೊತ್ತು ನೋಡಿದರು. "ಇದು ಬೇರೆ ಬಂದೂಕಿಗಿಂತ ಜೋರಾಗಿ ಹೊಡೆಯತ್ತಾ?"

"ಇಲ್ಲ ತಾತ. ಬಣ್ಣ ಅಷ್ಟೆ."

ಅಪ್ಪ ಕನ್ನಡಕ ತೆಗೆದಿಟ್ಟರು. ಅಕ್ಕ ಅಡುಗೆಮನೆಗೆ ಹೋದಳು. ಆಗ ಹುಡುಗ ನನ್ನ ಕಡೆ ತಿರುಗಿ, ಪಿಸುಮಾತಿಗಿಂತ ಸ್ವಲ್ಪ ಜೋರಾಗಿ, "ನೀನೇ ತಾನೆ ಮಾಮ ಕಲಿಸಿದ್ದು" ಅಂದ. ಈ ಬರಹ ಆ ಮಾತಿಗೆ ಕೊಡಲಾಗದ ಉತ್ತರ.

ಸೌಟು ಹಿಡಿದು ಬಂದ ಅಕ್ಕ

ನಿಜ, ನಾನೇ. ಎರಡು ದಸರಾದ ಹಿಂದೆ, ರಜೆಗೆ ಅಕ್ಕನ ಮನೆಗೆ ಹೋಗಿದ್ದಾಗ, ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಉರುಳಿಕೊಂಡು ನನ್ನ ಆಟ ತೆಗೆದೆ. (ಆಟದ ಹೆಸರು ಬೇಡ. ಹೆಸರು ಹೇಳಿದರೆ ಅದೊಂದರದೇ ತಪ್ಪು ಅಂತಾಗುತ್ತದೆ, ನಾನೂ ಬಚಾವಾಗುತ್ತೇನೆ.) ಹತ್ತು ಪೆಟ್ಟಿಗೆ ಒಟ್ಟಿಗೆ ತೆರೆಯುವಷ್ಟು ಹರಳು ಕೂಡಿಹಾಕಿದ್ದೆ. "ಬಾರೋ, ನಿನ್ನ ಕೈಗುಣ ನೋಡೋಣ" ಅಂತ ಪುಟ್ಟನ ಬೆರಳನ್ನೇ ಹಿಡಿದು ಒತ್ತಿಸಿದೆ. ಪರದೆ ಕತ್ತಲಾಯಿತು. ಪೆಟ್ಟಿಗೆ ನಡುಗಿತು. ಒಂದು ನೀಲಿ, ಇನ್ನೊಂದು ನೀಲಿ, ಒಂದು ನೇರಳೆ. ಏಳನೆಯದಕ್ಕೆ ಸಂದಿಯಿಂದ ಚಿನ್ನದ ಬೆಳಕು ಸೋರತೊಡಗಿತು. ಇನ್ನೂ ಪೆಟ್ಟಿಗೆ ತೆರೆದೇ ಇಲ್ಲ, ನಾವಿಬ್ಬರೂ ಕಿರುಚಿದ ಕಿರುಚಾಟಕ್ಕೆ ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು, ಯಾರಿಗೋ ಹಾವು ಕಚ್ಚಿತು ಅಂದುಕೊಂಡು.

ಒಳಗಿದ್ದದ್ದು ಒಂದು ಕೆಂಪು ಕೋಟು. ಅದನ್ನು ಆಮೇಲೆ ನನ್ನ ಆಟಗಾರನಿಗೆ ಎಷ್ಟು ಸಲ ತೊಡಿಸಿದೆನೋ, ಒಂದು ವಾರವೂ ಇರಲಿಕ್ಕಿಲ್ಲ. ಆದರೆ ಆ ಚಿನ್ನದ ಬೆಳಕು ಸೋರಿದ ಎರಡು ಸೆಕೆಂಡು ಇವತ್ತಿಗೂ ನನ್ನ ಹತ್ತಿರ ಇದೆ, ಪುಟ್ಟನ ಹತ್ತಿರ ನನಗಿಂತ ಗಟ್ಟಿಯಾಗಿ ಇದೆ. ಲೂಟ್ ಬಾಕ್ಸನ್ನು (ಇಂಥ ಪೆಟ್ಟಿಗೆಗಳಿಗೆ ಇಂಗ್ಲಿಷಿನ ಹೆಸರು) ಬಯ್ಯುವವರು ಇದನ್ನು ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳದೆ ಬಯ್ದರೆ ಮಕ್ಕಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಖುಷಿ ನಿಜವಾದದ್ದು. ನಾವು ಕೊಂಡದ್ದು ಕೋಟನ್ನಲ್ಲ, ಕೋಟು ಕಾಣುವುದಕ್ಕೆ ಮೊದಲಿನ ಆ ಎರಡು ಸೆಕೆಂಡನ್ನು. ಎರಡು ಸೆಕೆಂಡಿಗೆ ಎಷ್ಟು ಕೊಟ್ಟೆವು ಅನ್ನುವುದಷ್ಟೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಉತ್ತರ ಸಿಗದ ಹಾಗೆ ಇಡೀ ಅಂಗಡಿಯನ್ನು ಕಟ್ಟಲಾಗಿದೆ.

ಅದು ಹೇಗೆ ಅಂತ ಹೇಳುತ್ತೇನೆ. ನನ್ನ ಆಟದಲ್ಲಿ ಒಂದು ಪೆಟ್ಟಿಗೆಗೆ 60 ಹರಳು. ಚಿಕ್ಕ ಪ್ಯಾಕಿನಲ್ಲಿ ಸಿಗುವುದು 100. ಒಂದು ತೆರೆದರೆ 40 ಉಳಿಯಿತು, ಆ ನಲವತ್ತಕ್ಕೆ ಏನೂ ಬರುವುದಿಲ್ಲ. ₹449ರ ಪ್ಯಾಕಿನಲ್ಲಿ 520. ಹತ್ತು ಪೆಟ್ಟಿಗೆಯ ಕಟ್ಟು 540. ಇಪ್ಪತ್ತು ಕಡಿಮೆ! ಅದಕ್ಕಾಗಿ ಇನ್ನೊಂದು ₹89. ಉಳಿಯುವುದೂ ಒಂದು ಜಾಣತನ, ಕಡಿಮೆ ಬೀಳುವುದೂ ಒಂದು ಜಾಣತನ. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲ ಅಂತ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, "ಇಳಿಯುವಾಗ ಇಸ್ಕೊಳ್ಳಿ" ಅಂತ. ನಾವು ಮರೆತು ಇಳಿದುಬಿಡುತ್ತೇವೆ, ಮೂರು ರೂಪಾಯಿ ಹೋಯಿತು, ಮುಗಿಯಿತು. ಇಲ್ಲಿ ಬಾಕಿ ಬರೆದ ಟಿಕೆಟ್ಟು ಸದಾ ಕೈಯಲ್ಲಿರುತ್ತದೆ, ಅದನ್ನು ವಸೂಲಿ ಮಾಡಿಕೊಳ್ಳಬೇಕಾದರೆ ಮತ್ತೊಂದು ಟಿಕೆಟ್ಟು ತೆಗೆಯಬೇಕು, ಬಸ್ಸಂತೂ ನಿಲ್ಲುವುದೇ ಇಲ್ಲ.

ಪೆಟ್ಟಿಗೆಯ ಮೇಲೆ ₹53 ಅಂತ ಎಲ್ಲೂ ಬರೆದಿರುವುದಿಲ್ಲ. ಗುಣಿಸಿ ಭಾಗಿಸಿದರೆ ಚಿಕ್ಕ ಪ್ಯಾಕಿನ ಲೆಕ್ಕದಲ್ಲಿ ಅಷ್ಟಾಗುತ್ತದೆ, ಆದರೆ ಊಟ ಮಾಡಿ ಚಾಪೆಯ ಮೇಲೆ ಉರುಳಿಕೊಂಡವನು ಗುಣಿಸುವುದಿಲ್ಲ. ಇದು ನನ್ನೊಬ್ಬನ ತಕರಾರಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನು ಗೆನ್ಶಿನ್ ಇಂಪ್ಯಾಕ್ಟ್ ಆಟದವರ ಮೇಲೆ ಹಾಕಿದ ದೂರಿನಲ್ಲಿ ಇದೂ ಒಂದು ಅಂಶ: ಒಂದು ನಾಣ್ಯದಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಸುತ್ತಿಸಿ, ಬಹುಮಾನಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವುದು ತಿಳಿಯದ ಹಾಗೆ ಮಾಡಿದ್ದಾರೆ ಅಂತ. ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. 16 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಲೂಟ್ ಬಾಕ್ಸ್ ಮಾರುವಂತಿಲ್ಲ, ನೇರವಾಗಿ ನಿಜವಾದ ದುಡ್ಡಿನಲ್ಲಿ ಕೊಳ್ಳುವ ದಾರಿಯನ್ನೂ ಇಡಬೇಕು ಅಂತ ತೀರ್ಮಾನವಾಯಿತು. ಎರಡನೆಯ ಷರತ್ತು ಓದಿದಾಗ ನನಗೆ ನಗು ಬಂತು. ಬೆಲೆಚೀಟಿ ಅಂಟಿಸಿ ಅಂತ ಹೇಳಲು ಒಂದು ದೇಶದ ಸರ್ಕಾರ ದಂಡ ಹಾಕಬೇಕಾಯಿತು.

ಬಸ್ ಸ್ಟ್ಯಾಂಡಿನ ನೆಲ

ನಾನು ಪುಟ್ಟನ ವಯಸ್ಸಿನವನಿದ್ದಾಗ ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಲಾಟರಿ ಅಂಗಡಿಗಳ ಸಾಲೇ ಇತ್ತು. ಬಟ್ಟೆ ಒಣಗಲು ಹಾಕಿದ ಹಾಗೆ ದಾರಕ್ಕೆ ಟಿಕೆಟ್ಟು ನೇತು ಹಾಕಿರುತ್ತಿದ್ದರು. ಒಂದಂಕಿ ಲಾಟರಿಯ ಕಾಲ. ಕೂಲಿ ಮುಗಿಸಿ ಬಂದವರು, ಆಟೋದವರು, ಒಮ್ಮೊಮ್ಮೆ ಅಪ್ಪನ ಜೊತೆಯ ಮೇಷ್ಟ್ರುಗಳೂ ಫಲಿತಾಂಶದ ಹಾಳೆಯ ಮುಂದೆ ಕತ್ತು ಚಾಚಿ ನಿಂತಿರುತ್ತಿದ್ದರು. ಒಂದು ಸಂಜೆ ಹಳ್ಳಿಗೆ ಹೋಗುವ ಕೊನೇ ಬಸ್ಸಿಗೆ ಕಾಯುತ್ತಿದ್ದಾಗ ಕಸ ಗುಡಿಸುವ ಹೆಂಗಸು ಆ ಸಾಲಿನ ಮುಂದೆ ಗುಡಿಸಿಕೊಂಡು ಬಂದಳು. ಹರಿದ ಟಿಕೆಟ್ಟು ಗುಡ್ಡೆಯಾಯಿತು. ಗುಲಾಬಿ, ಹಳದಿ, ತಿಳಿ ಹಸಿರು. ಮೊಣಕಾಲೆತ್ತರ ಇತ್ತು ಅಂತ ನೆನಪು, ಮಗುವಿನ ಮೊಣಕಾಲು ಅನ್ನಿ. ಅಪ್ಪ ನನ್ನ ತಲೆ ಹಿಡಿದು ಆ ಕಡೆ ತಿರುಗಿಸಿದರು. "ನೋಡ್ಕೋ. ಇದು ಇವತ್ತು ಒಂದು ದಿನದ್ದು" ಅಂದರು, ಅಷ್ಟೆ.

2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾಯಿತು. ಅದಾದ ಮೇಲೂ ಓಸಿ ಇತ್ತು, ಮಟ್ಕಾ ಇತ್ತು, ಕ್ರಿಕೆಟ್ ಬೆಟ್ಟಿಂಗ್ ಬಂತು, ಅದೆಲ್ಲ ಬೇರೆ ಪುರಾಣ. ನನಗೆ ಉಳಿದಿರುವುದು ಆ ಗುಡ್ಡೆ. ಸೋತದ್ದು ನೆಲಕ್ಕೆ ಬೀಳುತ್ತಿತ್ತು. ಊರು ಒಂದು ದಿನದಲ್ಲಿ ಎಷ್ಟು ಸೋತಿತು ಅನ್ನುವುದು ಸಂಜೆ ಏಳು ಗಂಟೆಗೆ ಯಾರ ಕಣ್ಣಿಗಾದರೂ ಕಾಣುತ್ತಿತ್ತು, ಹನ್ನೆರಡು ವರ್ಷದ ಹುಡುಗನಿಗೂ. ಪುಟ್ಟ ಏಳು ವಾರದಲ್ಲಿ ನೂರಕ್ಕೂ ಹೆಚ್ಚು ಪೆಟ್ಟಿಗೆ ತೆರೆದಿದ್ದಾನೆ, ದಿವಾನದ ಕೆಳಗೆ ಒಂದು ಚೂರು ಕಾಗದವಿಲ್ಲ. ಫೋನಿಗೆ ನೆಲವೇ ಇಲ್ಲ.

ಶಾಲೆಯ ಗೇಟಿನೆದುರಿನ ಪೆಟ್ಟಿಗೆ ಅಂಗಡಿಯಲ್ಲೂ ಒಂದು ಲಾಟರಿ ಇತ್ತು, ಅದನ್ನು ಅಪ್ಪನಿಗೆ ಕಾಣದ ಹಾಗೆ ಆಡಿದ್ದೇನೆ. ರಟ್ಟಿನ ಮೇಲೆ ಬಲೂನು, ಉಂಗುರ, ಮಧ್ಯೆ ಒಂದು ಪ್ಲಾಸ್ಟಿಕ್ ವಾಚು. ಪಕ್ಕದ ಹಾಳೆಯ ಮೇಲೆ ಮಡಿಸಿ ಅಂಟಿಸಿದ ನಂಬರಿನ ಚೀಟಿಗಳು. ನಾಲ್ಕಾಣೆ ಕೊಟ್ಟು ಒಂದು ಕೀಳಬೇಕು. ವಾಚಿನ ಚೀಟಿ ಅಂಗಡಿಯವನು ಮೊದಲೇ ತೆಗೆದಿಟ್ಟುಕೊಂಡಿರುತ್ತಾನೆ ಅನ್ನುವುದು ನಮ್ಮ ಗುಮಾನಿ. ಆದರೂ ಆ ಹಾಳೆಗೆ ಒಂದು ನಿಯತ್ತಿತ್ತು: ಒಂದು ಚೀಟಿ ಕಿತ್ತರೆ ಒಂದು ಕಡಿಮೆಯಾಗುತ್ತಿತ್ತು. ಅರ್ಧ ಹಾಳೆ ಖಾಲಿಯಾಗಿ ವಾಚು ಇನ್ನೂ ರಟ್ಟಿನ ಮೇಲೇ ಇದ್ದರೆ ನಿಮ್ಮ ಅದೃಷ್ಟ ದುಪ್ಪಟ್ಟಾಯಿತು ಅಂತಲೇ ಲೆಕ್ಕ. ಹಾಗಾಗಿ ಬುದ್ಧಿವಂತರು ಹಾಳೆ ಬೋಳಾಗುವವರೆಗೆ ಕಾಯುತ್ತಿದ್ದರು. 2019ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ವಿಡಿಯೋ ಆಟ ಮಾಡುವ ಇಎ ಕಂಪನಿಯವರು, ನಾವಿದನ್ನು ಲೂಟ್ ಬಾಕ್ಸ್ ಅನ್ನುವುದಿಲ್ಲ, ಸರ್‌ಪ್ರೈಸ್ ಮೆಕ್ಯಾನಿಕ್ಸ್ ಅನ್ನುತ್ತೇವೆ ಅಂದರು. ಮಕ್ಕಳ ಕಿಂಡರ್ ಎಗ್ ಚಾಕಲೇಟಿಗೆ ಹೋಲಿಸಿದರು. ನಮ್ಮ ಅಂಗಡಿಯ ಹಾಳೆಗೂ ಹೋಲಿಸಬಹುದಿತ್ತು, ಒಂದು ವ್ಯತ್ಯಾಸ ಬಿಟ್ಟರೆ. ಫೋನಿನ ಹಾಳೆಯಲ್ಲಿ ನೀವು ಕಿತ್ತ ಚೀಟಿಯ ಜಾಗದಲ್ಲಿ ಮರುಕ್ಷಣ ಇನ್ನೊಂದು ಚೀಟಿ ಬಂದು ಕೂರುತ್ತದೆ. ಸಾವಿರ ಕಿತ್ತರೂ ಹಾಳೆ ಹೊಸದೇ.

ನೂರಕ್ಕೆ ಕಾಲು

ಇದನ್ನು ಅಂಕಿಯಲ್ಲಿ ನೋಡಿದರೆ ಇನ್ನೂ ತಮಾಷೆಯಾಗಿದೆ. 2017ರ ಮೇ 1ರಿಂದ ಚೀನಾದಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಯಾವುದು ಎಷ್ಟು ಸಲಕ್ಕೆ ಸಿಗುತ್ತದೆ ಅನ್ನುವುದನ್ನು ಬಹಿರಂಗ ಮಾಡಲೇಬೇಕು ಅಂತಾಯಿತು. ಹಾಗಾಗಿಯೇ ಕೌಂಟರ್-ಸ್ಟ್ರೈಕ್ ಅನ್ನುವ ಬಂದೂಕಿನ ಆಟ ಆಡುವ ಇಡೀ ಲೋಕಕ್ಕೆ, ತಾವು 2013ರಿಂದ ತೆರೆಯುತ್ತಿದ್ದ ಕೇಸುಗಳ (ಅಲ್ಲಿ ಪೆಟ್ಟಿಗೆಗೆ ಆ ಹೆಸರು) ಒಳಗಿನ ಲೆಕ್ಕ ಚೀನಾದ ವಿತರಕರ ಮೂಲಕ ತಿಳಿಯಿತು. ಅತಿ ಸಾಧಾರಣ ನೀಲಿ ದರ್ಜೆಯದು 79.92%. ಎಲ್ಲರೂ ಆಸೆಪಡುವ ಚಾಕು 0.26%. ನೂರಕ್ಕೆ ಕಾಲು ಅಂದುಕೊಳ್ಳಿ. ಒಂದು ಕೇಸ್ ತೆರೆಯುವ ಕೀಲಿಗೆ 2.49 ಡಾಲರ್.

ಸರಾಸರಿ ಹಿಡಿದರೆ ಒಂದು ಚಾಕುವಿಗೆ ಸುಮಾರು 385 ಕೇಸು, ಅಂದರೆ ಕೀಲಿಗೇ 958 ಡಾಲರು, ನಮ್ಮ ದುಡ್ಡಿನಲ್ಲಿ 80 ಸಾವಿರಕ್ಕೆ ಮೇಲೆ. ಇಲ್ಲಿಗೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ, ನಾನೂ ಹೋಗಿದ್ದೆ. 385 ತೆರೆದರೆ ಸಿಕ್ಕೇ ಸಿಗುತ್ತದೆ ಅಂತಲ್ಲ. 385 ತೆರೆದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ನೂರರಲ್ಲಿ 95 ಜನಕ್ಕೆ ಸಿಗಬೇಕಾದರೆ ಒಬ್ಬೊಬ್ಬರೂ ಸುಮಾರು 1,150 ತೆರೆಯಬೇಕು. ಅಷ್ಟಾದರೂ ಉಳಿದ ಐದು ಜನ? ಅವರ ಹಾಳೆಯೂ ಹೊಸದೇ.

ಕೇಸ್ ತೆರೆಯುವಾಗ ಪರದೆಯ ಮೇಲೆ ಬಂದೂಕುಗಳ ಸರಪಣಿ ಎಡಕ್ಕೆ ಓಡಿ, ನಿಧಾನವಾಗಿ, ಗೆರೆಯ ಹತ್ತಿರ ನಿಲ್ಲುತ್ತದೆ. ಚಿನ್ನದ ಬಣ್ಣದ್ದು ಗೆರೆಗೆ ಒಂದು ಮನೆ ಆಚೆ ನಿಂತರೆ "ಅಯ್ಯೋ, ಜಸ್ಟ್ ಮಿಸ್ಸು" ಅನ್ನುತ್ತೇವೆ. ಯಾವ ಮಿಸ್ಸೂ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ, ಓಡುವ ಸರಪಣಿ ಬರೀ ತೇರಿನ ಅಲಂಕಾರ.

ಚಾಕು ಸಿಕ್ಕಿದರೆ ಮಾರಬಹುದಲ್ಲ ಅನ್ನುತ್ತಾರೆ. ಮಾರಬಹುದು, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಮಾರುಕಟ್ಟೆಯಲ್ಲಿ ಮಾರಿದರೆ ಬರುವ ದುಡ್ಡು ಸ್ಟೀಮ್ ವಾಲೆಟ್ಟಿನಲ್ಲೇ ಇರುತ್ತದೆ, ಮನೆ ಬಾಡಿಗೆಗೆ ಬರುವುದಿಲ್ಲ. ಮೇಲಾಗಿ ಅದರ ಬೆಲೆ ನಿಮ್ಮ ಕೈಯಲ್ಲಿಲ್ಲ. 2025ರ ಅಕ್ಟೋಬರಿನಲ್ಲಿ ಆ ಆಟದ ಒಡೆಯ ವಾಲ್ವ್ ಕಂಪನಿ ಒಂದು ನಿಯಮ ಬದಲಿಸಿತು: ಚಾಕುವಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಂಪು ದರ್ಜೆಯ ಐದು ವಸ್ತು ಕೊಟ್ಟು ಒಂದು ಚಾಕು ಪಡೆಯಬಹುದು ಅಂತ. ಅಷ್ಟಕ್ಕೇ ಚಾಕುಗಳ ಬೆಲೆ ಕುಸಿಯಿತು.

ಇನ್ನು 'ಪಿಟಿ'. ಆಡುವವರೆಲ್ಲ ಬಳಸುವ ಮಾತು, ಕನಿಕರ ಅಂತ ಅರ್ಥ. ಗೆನ್ಶಿನ್‌ನಲ್ಲಿ ಐದು ನಕ್ಷತ್ರದ ಪಾತ್ರ ಸಿಗುವ ಸಾಧ್ಯತೆ 0.6%, ಆದರೆ ತೊಂಬತ್ತನೆಯ ಸಲಕ್ಕೆ ಕನಿಕರಪಟ್ಟು ಒಂದನ್ನು ಖಂಡಿತ ಕೊಡುತ್ತಾರೆ. ಕೇಳಲು ನ್ಯಾಯವಾಗಿದೆ. ಆಡಿ ನೋಡಿದವರಿಗೆ ಗೊತ್ತು, ಕನಿಕರದ ಕೆಲಸ ಬೇರೆಯೇ. ಎಪ್ಪತ್ತನೆಯದಕ್ಕೆ ಬಂದವನು ನಿಲ್ಲಿಸಲಾರ. ಅಷ್ಟು ಹೊತ್ತು ಬಸ್ಸಿಗೆ ಕಾದವನು ಆಟೋ ಹತ್ತದೆ ಇನ್ನೂ ಹತ್ತು ನಿಮಿಷ ಕಾಯುತ್ತಾನಲ್ಲ, ಹಾಗೆ. ನನ್ನ ಆಟದಲ್ಲೂ ಇಂಥದ್ದೇ ಒಂದು ಲೆಕ್ಕವಿತ್ತು. ಸಿಗುವ ಸಾಧ್ಯತೆಯ ಪಟ್ಟಿಯೂ ಇತ್ತು, ಮೂಲೆಯಲ್ಲೊಂದು ಪುಟ್ಟ ಗುಂಡಿಯ ಹಿಂದೆ. ಆಪಲ್ ಕಂಪನಿ 2017ರ ಕೊನೆಯಿಂದಲೇ ತನ್ನ ಅಂಗಡಿಯ ಆಟಗಳಲ್ಲಿ ಇದನ್ನು ತೋರಿಸಬೇಕು ಅಂತ ಮಾಡಿದೆ. ಎರಡು ವರ್ಷ ಆಡಿದ ನಾನು ಆ ಗುಂಡಿಯನ್ನು ಮೊದಲ ಸಲ ಒತ್ತಿದ್ದು ತುಮಕೂರಿನಿಂದ ವಾಪಸ್ ಬಂದ ರಾತ್ರಿ. ಬೀಡಿ ಕಟ್ಟಿನ ಮೇಲಿನ ಚಿತ್ರವನ್ನು ಬೀಡಿ ಸೇದುವವನು ನೋಡುತ್ತಾನೆಯೇ?

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಬೆಲ್ಜಿಯಂನ ಗೇಮಿಂಗ್ ಕಮಿಷನ್ 2018ರಲ್ಲಿ ಇದು ಜೂಜೇ ಅಂದಿತು. ನೆದರ್ಲೆಂಡ್ಸಿನಲ್ಲಿ ಇಎ ಮೇಲೆ ಹಾಕಿದ್ದ 1 ಕೋಟಿ ಯೂರೋ ದಂಡವನ್ನು 2022ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ರದ್ದು ಮಾಡಿತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು, ರಮ್ಮಿ ಆ್ಯಪುಗಳು ಬಾಗಿಲು ಹಾಕಿದವು. ಆ ಕಾಯ್ದೆಯ ಕಣ್ಣಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮೇಲೆ. ದುಡ್ಡು ಕಟ್ಟಿ ನೀಲಿ ಬಂದೂಕು ಗೆದ್ದವನು ಗೆದ್ದನೋ ಸೋತನೋ, ವಕೀಲರು ಹೇಳಲಿ. ನಮ್ಮಪ್ಪನಂತೂ ಒಂದೇ ಪ್ರಶ್ನೆಯಲ್ಲಿ ತೀರ್ಪು ಕೊಟ್ಟಿದ್ದರು.

140 ರಸೀದಿ

ಆ ರಾತ್ರಿ ಮತ್ತೊಂದು ಕೆಲಸವನ್ನೂ ಮಾಡಿದೆ. ಇಮೇಲಿನಲ್ಲಿ ಆಟದ ಹೆಸರು ಕೊಟ್ಟು ಹುಡುಕಿದೆ. ಹುಡುಕುವ ಮೊದಲು ಒಂದು ಚೀಟಿಯಲ್ಲಿ ನನ್ನ ಅಂದಾಜು ಬರೆದಿಟ್ಟೆ, ಪ್ರಾಮಾಣಿಕವಾಗಿ: ₹10,000. ಆಗಾಗ ₹449, ಅದೂ ಸಂಬಳದ ದಿನ, ಹಬ್ಬಕ್ಕೊಂದು ಸಲ, ಇನ್ನೆಷ್ಟಾದೀತು?

140 ರಸೀದಿ. 20 ಚಿಕ್ಕವು, 120 ದೊಡ್ಡವು. ₹55,660. ಎರಡು ಸಲ ಕೂಡಿದೆ. ದಿನಾಂಕಗಳನ್ನು ನೋಡುತ್ತಾ ಹೋದಾಗ ಇನ್ನೂ ಕಸಿವಿಸಿಯಾಯಿತು. ಸಂಬಳದ ದಿನ ಅನ್ನುವುದು ನಾನು ನನಗೆ ಹೇಳಿಕೊಂಡ ಕಥೆ. ಹೆಚ್ಚಿನವು ರಾತ್ರಿ ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ. ಕೆಲವು ಮೂರು ಮೂರು ನಿಮಿಷಕ್ಕೆ ಒಂದರ ಹಿಂದೊಂದು. ಒಂದು ಮಂಗಳವಾರ ಆರು ರಸೀದಿ. ಅವತ್ತು ಆಫೀಸಿನಲ್ಲಿ ನನಗೆ ಸಿಗಬೇಕಿದ್ದ ಪ್ರಾಜೆಕ್ಟು ಬೇರೆಯವರಿಗೆ ಹೋಗಿತ್ತು ಅನ್ನುವುದು ಕ್ಯಾಲೆಂಡರ್ ನೋಡಿದ ಮೇಲೆ ನೆನಪಾಯಿತು. ಗುಲಾಬಿ, ಹಳದಿ, ತಿಳಿ ಹಸಿರು ಅಂತ ಅನ್ನಿಸಿತು. ನನ್ನ ಗುಡ್ಡೆ ಇಮೇಲಿನಲ್ಲಿತ್ತು, ಗುಡಿಸುವವರು ಯಾರೂ ಬಂದಿರಲಿಲ್ಲ ಅಷ್ಟೆ.

2021ರಲ್ಲಿ ಬ್ರಿಟನ್ನಿನ ಪ್ಲಿಮತ್ ಮತ್ತು ವುಲ್ವರ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ವರದಿ ಕೊಟ್ಟರು. ಲೂಟ್ ಬಾಕ್ಸಿನ ಆದಾಯದಲ್ಲಿ ಸುಮಾರು ಅರ್ಧ ಬರುವುದು ಶೇಕಡಾ 5ರಷ್ಟು ಆಟಗಾರರಿಂದ. ಈ ಧಂಧೆಯವರ ಬಾಯಲ್ಲಿ ಇಂಥವರಿಗೆ ತಿಮಿಂಗಿಲ ಅಂತ ಹೆಸರು. ತಿಮಿಂಗಿಲ ಅಂದರೆ ದುಬೈ ಶೇಖುಗಳೋ ಸಿನಿಮಾದವರ ಮಕ್ಕಳೋ ಅಂದುಕೊಂಡಿದ್ದೆ. ಜಾಸ್ತಿ ಖರ್ಚು ಮಾಡುವವರು ಜಾಸ್ತಿ ಸಂಪಾದಿಸುವವರಲ್ಲ, ಜೂಜಿನ ತೊಂದರೆಗೆ ಹತ್ತಿರವಿರುವವರು ಅನ್ನುತ್ತದೆ ಆ ವರದಿ. ನಾನು ತಿಮಿಂಗಿಲವಲ್ಲ, ಹೆಚ್ಚೆಂದರೆ ಬಂಗಡೆ. ಆದರೆ ಆ ಮಂಗಳವಾರದ ಆರು ರಸೀದಿಗಳನ್ನು ನೋಡಿದಾಗ ನೀರು ಯಾವುದು ಅಂತ ಗೊತ್ತಾಯಿತು.

ಅಕ್ಕನಿಗೆ ಹೇಳಲು ಎರಡು ವಾರ ಬೇಕಾಯಿತು. ಅಪ್ಪನ ₹6,796 ನಾನೇ ಹಾಕಿಬಿಟ್ಟೆ ಅಂದಾಗ "ನೀನ್ಯಾಕೆ ಹಾಕ್ತೀಯ, ಅವನ ಹತ್ರ ವಸೂಲಿ ಮಾಡು" ಅಂದಳು. ಆಗ ನನ್ನ ಲೆಕ್ಕ ಹೇಳಿದೆ. ಆ ಕಡೆಯಿಂದ ಕುಕ್ಕರಿನ ವಿಷಲ್ ಒಂದು ಸಲ ಕೇಳಿಸಿತು, ಎರಡು ಸಲ ಕೇಳಿಸಿತು. "ಅಪ್ಪಂಗೆ ಹೇಳ್ಬೇಡ" ಅಂದಳು.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಅಪ್ಪ ಹೊಸ ಪಿನ್ ಹಾಕಿಸಿಕೊಂಡಿದ್ದಾರೆ, ಭೂತಗನ್ನಡಿ ಹಿಡಿದು ತಾವೇ ಒತ್ತುತ್ತಾರೆ, ಒಂದು ಕರೆಂಟ್ ಬಿಲ್ಲು ಕಟ್ಟಲು ಇಪ್ಪತ್ತು ನಿಮಿಷ. ಕ್ಯಾಷಿಯರ್ ಕೆಲಸ ಹೋದ ಪುಟ್ಟ ಪಕ್ಕದಲ್ಲೇ ಕೂತು, ಬಾಯಿ ಬಿಡದೆ, ಅವರ ಬೆರಳು ತಪ್ಪು ಅಂಕಿಯ ಮೇಲೆ ಹೋದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಊಟಕ್ಕೆ ಇನ್ನೂ ಹೊತ್ತಿತ್ತು. ಅವನನ್ನು ಕರೆದು ನನ್ನ ಫೋನು ತೆಗೆದೆ. ಅವನೆದುರಿಗೇ ಅಕೌಂಟ್ ಡಿಲೀಟ್ ಮಾಡಬೇಕು ಅಂತ ಬಸ್ಸಿನಲ್ಲೇ ಅಂದುಕೊಂಡು ಬಂದಿದ್ದೆ. ಸೆಟ್ಟಿಂಗ್ಸಿನಲ್ಲಿ ಐದಾರು ಬಾಗಿಲು ದಾಟಿದ ಮೇಲೆ ಕೊನೆಯ ಪ್ರಶ್ನೆ ಬಂತು: ನಿಮ್ಮ ಹತ್ತಿರ 20 ಹರಳು ಉಳಿದಿವೆ, ಡಿಲೀಟ್ ಮಾಡಿದರೆ ವಾಪಸ್ ಸಿಗುವುದಿಲ್ಲ, ಮುಂದುವರಿಯಲೇ? ಅದರ ಹಿಂದೆ ಮಸುಕಾಗಿ ನನ್ನ ಆಟಗಾರ ನಿಂತಿದ್ದ. ಕೆಂಪು ಕೋಟು ತೊಟ್ಟಿರಲಿಲ್ಲ.

"ಇಪ್ಪತ್ತು ವೇಸ್ಟ್ ಆಗತ್ತಲ್ವಾ ಮಾಮ?" ಅಂದ ಪುಟ್ಟ.

ನನ್ನ ಬೆರಳೂ ಅದಕ್ಕೇ ನಿಂತಿತ್ತು. ಒಳಗೆ ಅಕ್ಕ ತಟ್ಟೆ ಹಾಕುವ ಸದ್ದು ಕೇಳುವವರೆಗೂ ಇಬ್ಬರೂ ಆ ಇಪ್ಪತ್ತನ್ನೇ ನೋಡುತ್ತ ಕೂತಿದ್ದೆವು.